ಸೈಕಲ್, ಟೆಂಟು, ಒಬ್ಬರೇ: ಚಂದ್ರಂಪಳ್ಳಿಯೋ, ವಿಲಾಸಪುರವೋ, ಬೋನಾಳವೋ?

ಸೈಕಲ್ ಮೇಲೆ ಹೋಗಿ ಟೆಂಟ್ ಹಾಕುವುದು ಎಂದಕೂಡಲೇ ಎಲ್ಲರೂ ಮೊದಲು ಕೇಳುವುದು, ಎಷ್ಟು ಕಿಲೋಮೀಟರ್ ಎಂದು. ಅದು ಎರಡನೇ ಪ್ರಶ್ನೆ. ಕತ್ತಲಾದ ಮೇಲೆ ಯಾರ ಜಾಗದಲ್ಲಿ, ಯಾರನ್ನು ಕೇಳಿ ಮಲಗುತ್ತೀರಿ, ಅಲ್ಲಿ ಕುಡಿಯುವ ನೀರು ಎಲ್ಲಿದೆ ಎಂಬುದು ಮೊದಲನೆಯದು. ನಾಲ್ಕು ಜನ ಇದ್ದರೆ ಒಬ್ಬರು ಸಾಮಾನು ಕಾಯುತ್ತಾರೆ, ಇನ್ನೊಬ್ಬರು ಕೊಡ ಹಿಡಿದು ನೀರಿಗೆ ಹೋಗುತ್ತಾರೆ. ಒಬ್ಬರೇ ಇದ್ದಾಗ ಇವೆರಡೂ ಒಂದೇ ಹೊತ್ತಿಗೆ ಆಗುವುದಿಲ್ಲ. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ಜಾಗದ ಚೆಲುವಿಗಿಂತ ರಾತ್ರಿಯ ನೆಲೆಗೆ ಹೆಚ್ಚು ತೂಕ ಕೊಟ್ಟಿದ್ದೇವೆ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಯಾರು ಬೇಕಾದರೂ ಬಂದು ಟೆಂಟ್ ಹಾಕಿಕೊಳ್ಳಲಿ ಎಂದು ಬಿಟ್ಟ ಸರ್ಕಾರಿ ಉದ್ಯಾನಗಳಿಲ್ಲ. ಇರುವುದು ವನ್ಯಜೀವಿ ಧಾಮ, ಮೀಸಲು ಅರಣ್ಯ, ಕೆರೆದಂಡೆ, ಗುಡಿಯ ಅಂಗಳ ಮತ್ತು ರೈತರ ಹೊಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಧಾಮದೊಳಗಿನ ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗಬಹುದು. ರಸ್ತೆ ಬಿಟ್ಟು ಒಳಗಿಳಿಯಲು, ಉಳಿಯಲು ಪರವಾನಗಿ ಬೇಕು. ಅಲ್ಲಿ ಬೆಂಕಿ ಹಚ್ಚುವಂತಿಲ್ಲ. ಒಣಹುಲ್ಲಿನ ಕಾಡಿನಲ್ಲಿ ಚಹಾಕ್ಕೆಂದು ಹೂಡಿದ ಮೂರು ಕಲ್ಲಿನ ಒಲೆ ಗಾಳಿ ತಿರುಗಿದರೆ ಅರ್ಧ ಗಂಟೆಯಲ್ಲಿ ಒಂದು ಗುಡ್ಡವನ್ನೇ ಸುಡಬಲ್ಲದು.

ಚಂದ್ರಂಪಳ್ಳಿ (ಚಿಂಚೋಳಿ ತಾಲ್ಲೂಕು, ಕಲಬುರಗಿ)

ಮೂರರಲ್ಲಿ ನಿಜವಾದ ಕಾಡು ಎಂದರೆ ಇದೇ. ಚಿಂಚೋಳಿ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಯಿತು, ವಿಸ್ತೀರ್ಣ 134.88 ಚದರ ಕಿ.ಮೀ. ಬಯಲುಸೀಮೆಯ ನಡುವೆ ಇಷ್ಟು ದಟ್ಟ ಹಸಿರು ಅಪರೂಪ. ತೇಗ, ಶ್ರೀಗಂಧ, ರಕ್ತಚಂದನದ ಮರಗಳಿವೆ. ಕತ್ತೆಕಿರುಬ, ತೋಳ, ನರಿ, ಕೊಂಡುಕುರಿ ಇವೆ. ನಡುವೆ ಚಂದ್ರಂಪಳ್ಳಿ ಜಲಾಶಯ, ಆಚೆ ಗೊಟ್ಟಂಗೊಟ್ಟ, ಕುಂಚಾವರಂ ಕಾಡು, ಮಳೆಗಾಲ ಮುಗಿದ ಹೊಸತರಲ್ಲಿ ಎತ್ತಿಪೋತ ಜಲಪಾತ.

ಕಲಬುರಗಿಯಿಂದ ಚಿಂಚೋಳಿ ಪಟ್ಟಣಕ್ಕೆ ಸುಮಾರು 85 ಕಿ.ಮೀ., ಅಲ್ಲಿಂದ ಜಲಾಶಯಕ್ಕೆ ಇನ್ನೂ 15–20. ಹೊರೆ ಹೇರಿದ ಸೈಕಲ್ ಗಂಟೆಗೆ 13–15 ಕಿ.ಮೀ. ಓಡುತ್ತದೆ. ನೂರು ಕಿಲೋಮೀಟರಿಗೆ ಏಳೆಂಟು ಗಂಟೆ ಬರೀ ಪೆಡಲ್, ಊಟ-ವಿಶ್ರಾಂತಿಗೆ ಎರಡು ಗಂಟೆ. ಬೆಳಿಗ್ಗೆ 6:30ಕ್ಕೆ ಬಿಟ್ಟರೂ ಸಂಜೆ ನಾಲ್ಕೂವರೆ. ಡಿಸೆಂಬರ್ ಕೊನೆಗೆ ಹೊತ್ತು ಮುಳುಗುವುದು 5:50ರ ಸುಮಾರಿಗೆ. ಒಂದು ಪಂಕ್ಚರ್ ಆದರೂ ಕತ್ತಲಲ್ಲಿ ಕಾಡಿನ ರಸ್ತೆಯಲ್ಲಿರುತ್ತೀರಿ. ಅದಕ್ಕೇ ಒಂದೇ ದಿನಕ್ಕೆ ಹೋಗಬೇಡಿ. ಮೊದಲ ರಾತ್ರಿ ಚಿಂಚೋಳಿಯಲ್ಲಿ ಉಳಿಯಿರಿ, ಮರುದಿನ ಕಚೇರಿ ತೆರೆದಾಗ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಅನುಮತಿ ಪಡೆದು ಮಧ್ಯಾಹ್ನದೊಳಗೆ ಚಂದ್ರಂಪಳ್ಳಿ ಮುಟ್ಟಿರಿ. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಅಲ್ಲಿದೆ, ಅಲ್ಲಿಯೇ ಮಲಗುವುದು ಸರಿ. ಹೊರಡುವ ಮೊದಲೇ ಫೋನ್ ಮಾಡಿ ಜಾಗ ಖಾತ್ರಿ ಮಾಡಿಕೊಳ್ಳಿ. ನಿಮ್ಮದೇ ಟೆಂಟ್ ಹಾಕಲು ಬಿಡುತ್ತಾರೋ, ಅವರ ಕೋಣೆಯಲ್ಲೇ ಇರಬೇಕೋ ಎಂಬುದನ್ನೂ ಆಗಲೇ ಕೇಳಿ. ಗುರುತಿನ ಚೀಟಿಯ ಎರಡು ನಕಲು ಜೊತೆಗಿರಲಿ.

ದಾರಿಯಲ್ಲೂ ಆಯ್ಕೆ ಇದೆ. ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ ಕ್ರಾಸ್‌ವರೆಗೆ ಹೋಗಿ ಬಲಕ್ಕೆ ತಿರುಗುವುದು ಒಂದು. ಮಳಖೇಡ, ಸೇಡಂ ಮೇಲೆ ಹೋಗುವುದು ಇನ್ನೊಂದು. ರಾಷ್ಟ್ರಕೂಟರ ಮಾನ್ಯಖೇಟದ ಕೋಟೆ ನೋಡುವ ಆಸೆಗೆ ಎರಡನೆಯದು ಸೆಳೆಯುತ್ತದೆ. ಆದರೆ ಆ ದಾರಿಯಲ್ಲಿ ಸಿಮೆಂಟ್ ಕಾರ್ಖಾನೆಗಳ ಲಾರಿ, ಬಲ್ಕರ್ ಟ್ಯಾಂಕರ್‌ಗಳ ಓಡಾಟ. ರಸ್ತೆ ಅಂಚಿನ ಬಿಳಿ ಧೂಳು ಚೈನಿಗೂ ಗಂಟಲಿಗೂ ಕೂಡುತ್ತದೆ. ಮಹಾಗಾಂವ ಕ್ರಾಸ್ ದಾರಿಯೇ ನಮ್ಮ ಸಲಹೆ. ರೈಲಿನಲ್ಲಿ ತೆಲಂಗಾಣದ ತಾಂಡೂರಿಗೆ ಬಂದು ಅಲ್ಲಿಂದ ಸುಮಾರು 35 ಕಿ.ಮೀ. ತುಳಿದು ಚಿಂಚೋಳಿ ಸೇರುವುದು ಕಾಲಿಗೆ ಹಗುರ.

ಕಾಡಿನೊಳಗೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ನಕ್ಷೆಯನ್ನು ಊರಲ್ಲೇ ಫೋನಿಗೆ ಇಳಿಸಿಕೊಂಡಿರಿ. ತಾಂಡಾಗಳಲ್ಲಿ ಲಂಬಾಣಿ, ಗಡಿಯ ಹಳ್ಳಿಗಳಲ್ಲಿ ತೆಲುಗು ಕೇಳುತ್ತೀರಿ, ಕನ್ನಡ ಎಲ್ಲಾ ಕಡೆ ನಡೆಯುತ್ತದೆ.

ವಿಲಾಸಪುರ–ಹೊನ್ನಿಕೇರಿ (ಬೀದರ್)

ಮೊದಲ ಸಲ ಒಬ್ಬರೇ ಹೋಗುವವರು ಇಲ್ಲಿಂದ ಶುರುಮಾಡಿ. ಬೀದರ್‌ನಿಂದ ಸುಮಾರು 15 ಕಿ.ಮೀ., ಒಂದು-ಒಂದೂವರೆ ಗಂಟೆಯ ದಾರಿ. ಹೊನ್ನಿಕೇರಿ ಮೀಸಲು ಅರಣ್ಯದ ಕುರುಚಲು, ನಡುನಡುವೆ ಹುಲ್ಲುಗಾವಲು. ಬೆಳಿಗ್ಗೆ ಸುಮ್ಮನೆ ನಿಂತರೆ ಕೃಷ್ಣಮೃಗ ಕಾಣುವ ಸಾಧ್ಯತೆ ಚೆನ್ನಾಗಿದೆ. ವಿಲಾಸಪುರ ಕೆರೆ ದಂಡೆಯಲ್ಲಿ ಬ್ಲ್ಯಾಕ್‌ಬಕ್ ರೆಸಾರ್ಟ್ ಇದೆ. ಅದು ಕ್ಯಾಂಪಿಂಗ್ ಮೈದಾನವಲ್ಲ, ದರವೂ ರೆಸಾರ್ಟಿನದೇ. ಸ್ವಂತ ಟೆಂಟಿಗೆ ಜಾಗ ಇದ್ದೇ ಇರುತ್ತದೆ ಎಂದುಕೊಂಡು ಹೋಗಬೇಡಿ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಟೆಂಟ್ ಬೇಡ, ಸುತ್ತಲಿನ ಹಳ್ಳಿಯ ಹೊಲದಲ್ಲಿ ಕೇಳಿ ಹಾಕಿಕೊಳ್ಳಬಹುದು.

ಈ ಜಾಗದ ದೊಡ್ಡ ಗುಣ ಅದರ ಹಿಂದಿರುವ ಊರು. ಟೆಂಟಿನ ಕೋಲು ಮುರಿಯಲಿ, ಜ್ವರ ಬರಲಿ, ಮನಸ್ಸೇ ಹಿಂಜರಿಯಲಿ, ಹದಿನೈದು ಕಿಲೋಮೀಟರ್ ಹಿಂದಕ್ಕೆ ಬಂದರೆ ಬೀದರ್. ನಾನಕ್ ಝೀರಾ ಸಾಹೇಬ್ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಪಂಕ್ತಿಯಲ್ಲಿ ಕುಳಿತರೆ ಲಂಗರಿನ ಬಿಸಿ ಊಟ ಸಿಗುತ್ತದೆ, ಯಾತ್ರಿಕರಿಗೆ ಉಳಿಯುವ ಕೋಣೆಗಳೂ ಇವೆ. ಒಬ್ಬರೇ ಹೋಗುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ಕಲಬುರಗಿಯಿಂದ ಸೈಕಲ್ ಮೇಲೇ ಬರುವುದಾದರೆ ಸುಮಾರು 115 ಕಿ.ಮೀ. ಕಲಬುರಗಿ ಸಮುದ್ರಮಟ್ಟದಿಂದ 460 ಮೀಟರ್ ಎತ್ತರದಲ್ಲಿದ್ದರೆ ಬೀದರ್ 660ರ ಮೇಲಿದೆ, ಅಂದರೆ ಒಟ್ಟಾರೆ ಏರುದಾರಿ. ಹುಮನಾಬಾದಿನಲ್ಲಿ ಒಂದು ರಾತ್ರಿ ನಿಂತು ಎರಡು ದಿನ ಮಾಡಿ. ದಾರಿಯ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಗುತ್ತದೆ. ಭೌಗೋಳಿಕ ಸೂಚಕ ಪಡೆದ ಹಣ್ಣು ಎಂಬ ಹೆಮ್ಮೆ ಇರಲಿ, ಸೈಕಲ್ ತುಳಿಯುವವರಿಗೆ ಎರಡು ಹಣ್ಣು ಒಂದು ಗಂಟೆಯ ದಾರಿಗೆ ಸಾಕು. ಕಬ್ಬು ಸಾಗಿಸುವ ದಿನಗಳಲ್ಲಿ, ನವೆಂಬರ್‌ನಿಂದ ಫೆಬ್ರವರಿವರೆಗೆ, ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದಿನ ದೀಪವಿಲ್ಲದೆ ಓಡುತ್ತವೆ. ಸಂಜೆ ಆರರ ನಂತರ ಆ ರಸ್ತೆಯಲ್ಲಿರಬೇಡಿ.

ಬೋನಾಳ (ಸುರಪುರ ತಾಲ್ಲೂಕು, ಯಾದಗಿರಿ)

ಇದು ಹಕ್ಕಿ ನೋಡುವವರ ಜಾಗ. ಯಾದಗಿರಿ ರೈಲು ನಿಲ್ದಾಣದಿಂದ ಭೀಮಾ ನದಿ ದಾಟಿ ಶಹಾಪುರ, ಅಲ್ಲಿಂದ ಸುರಪುರ, ಮುಂದೆ ಹತ್ತು-ಹನ್ನೆರಡು ಕಿ.ಮೀ. ಕೆರೆ, ಒಟ್ಟು ಸುಮಾರು 70. ದಾರಿ ಬಹುಪಾಲು ಸಮತಟ್ಟು. ಶಹಾಪುರದ ಹತ್ತಿರ ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಸಾಲು ಬಹಳ ಹೊತ್ತು ಕಣ್ಣ ಮುಂದೆಯೇ ಇರುತ್ತದೆ. ಚಳಿಗಾಲದಲ್ಲಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ. ನೇರಳೆ ಜಂಬುಕೋಳಿ, ಬಣ್ಣದ ಕೊಕ್ಕರೆ, ಕೆಂಬರಲುಗಳೂ ಇರುತ್ತವೆ.

ಆದರೆ ಕೆರೆದಂಡೆಯಲ್ಲಿ ಟೆಂಟ್ ಹಾಕುವುದನ್ನು ನಾವು ಒಪ್ಪುವುದಿಲ್ಲ. ಹಕ್ಕಿಗಳು ರಾತ್ರಿ ತಂಗುವ ಜಾಗದಲ್ಲಿ ಟಾರ್ಚ್ ಬೆಳಕು, ಮಾತು, ಓಡಾಟ ಅವುಗಳನ್ನು ಎಬ್ಬಿಸುತ್ತದೆ. ನಿಮಗೂ ಸುಖವಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರುಂಡ ಸೀಮೆ, ಗದ್ದೆಗಳಿಂದ ಸೊಳ್ಳೆ ಏಳುತ್ತದೆ, ಬೆಳಗಿನ ಇಬ್ಬನಿಗೆ ಟೆಂಟಿನ ಒಳಗೋಡೆಯೇ ತೊಟ್ಟಿಕ್ಕುತ್ತದೆ. ಸುರಪುರದಲ್ಲಿ ಕೋಣೆ ಹಿಡಿದು, ಬೆಳಿಗ್ಗೆ 5:30ಕ್ಕೆ ಹೊರೆ ಇಲ್ಲದ ಸೈಕಲ್ ತೆಗೆದುಕೊಂಡು ಕೆರೆಗೆ ಹೋಗಿ. ಮಧ್ಯಾಹ್ನ ಸುರಪುರದ ಗುಡ್ಡದ ಮೇಲೆ 1844ರಲ್ಲಿ ಕಟ್ಟಿದ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್‌ನ ಬಂಗಲೆ ಟೇಲರ್ ಮಂಜಿಲ್ ನೋಡಬಹುದು. ಟೆಂಟಿನ ರಾತ್ರಿಯೇ ಬೇಕು ಎನ್ನುವವರಿಗೆ ಬೋನಾಳ ಸಲ್ಲದು.

ಒಟ್ಟಿನಲ್ಲಿ, ಒಂದು ರಾತ್ರಿ ಮತ್ತು ಮೊದಲ ಅನುಭವಕ್ಕೆ ವಿಲಾಸಪುರ, ಕಾಡಿಗಾಗಿ ಮೂರು-ನಾಲ್ಕು ದಿನ ಕೊಡಬಲ್ಲವರಿಗೆ ಚಂದ್ರಂಪಳ್ಳಿ, ಹಕ್ಕಿಗಾಗಿ ಹೋಗುವವರಿಗೆ ಟೆಂಟ್ ಬಿಟ್ಟು ಬೋನಾಳ. ಎಲ್ಲಕ್ಕೂ ಅಕ್ಟೋಬರ್ ನಡುವಿನಿಂದ ಫೆಬ್ರವರಿ ಮುಗಿಯುವವರೆಗೆ ಕಾಲ. ಮಾರ್ಚ್ ನಡುವಿನಿಂದ ಬಿಸಿಲು ಏರಿ ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ, ಆಗ ಸೈಕಲ್ ಮಾತೇ ಬೇಡ.

ಯಾವ ಸೈಕಲ್

ಇದಕ್ಕೆಂದೇ ಹೊಸದು ಕೊಳ್ಳಬೇಕಿಲ್ಲ. ನಮ್ಮಲ್ಲಿ ಮೂರು ಬಗೆ ಸಿಗುತ್ತವೆ.

ಹಾಲು ಮಾರುವವರ ಕರಿ ಸೈಕಲ್, 28 ಇಂಚಿನ ಗಾಲಿಯದು, ಹೊರೆಗೆಂದೇ ಹುಟ್ಟಿದ್ದು. ಕ್ಯಾರಿಯರ್ ಗಟ್ಟಿ, ಯಾವ ಹಳ್ಳಿಯಲ್ಲೂ ರಿಪೇರಿ ಆಗುತ್ತದೆ. ಆದರೆ ಒಂದೇ ಗೇರು. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 5.4 ಮೀಟರ್ ಮುಂದೆ ಹೋಗಬೇಕು. ಬಯಲಲ್ಲಿ ಸರಿ, ಹುಮನಾಬಾದ್ ಕಡೆಯ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತದೆ. ಗೇರಿನ ಹೈಬ್ರಿಡ್ ಸೈಕಲಿನಲ್ಲಿ ಮುಂದೆ 28, ಹಿಂದೆ 32 ಹಲ್ಲಿಗೆ ಹಾಕಿದರೆ ಒಂದು ಸುತ್ತಿಗೆ 1.9 ಮೀಟರ್ ಅಷ್ಟೆ, ಕುಳಿತೇ ಏರಬಹುದು. 35ರಿಂದ 40 ಮಿ.ಮೀ. ಅಗಲದ ಟೈರಿನ ಹೈಬ್ರಿಡ್ ನಮ್ಮ ಮೊದಲ ಆಯ್ಕೆ. ಚಂದ್ರಂಪಳ್ಳಿಯ ಗರಸಿನ ದಾರಿಗೆ ಎರಡು ಇಂಚಿನ ಟೈರಿನ ಎಂಟಿಬಿ (ಮೌಂಟನ್ ಬೈಕ್) ಇನ್ನೂ ಹಿತ, ಟಾರು ರಸ್ತೆಯಲ್ಲಿ ಮಾತ್ರ ನಿಧಾನ. ಮುಂದೆ ಸ್ಪ್ರಿಂಗ್ ಫೋರ್ಕ್ ಜೊತೆಗೆ ಹಿಂದೆಯೂ ಸ್ಪ್ರಿಂಗ್ ಇರುವ ಸೈಕಲ್ ಬೇಡ. ಅದಕ್ಕೆ ಕ್ಯಾರಿಯರ್ ಭದ್ರವಾಗಿ ಕೂಡುವುದಿಲ್ಲ.

ವಾಲ್ವ್ ನೋಡಿ. ಮೋಟಾರ್ ಸೈಕಲ್ಲಿನಂಥ ದಪ್ಪ ವಾಲ್ವಿಗೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಸಣ್ಣ ಪ್ರೆಸ್ಟಾ ವಾಲ್ವ್ ಇದ್ದರೆ ಹಿತ್ತಾಳೆಯ ಅಡಾಪ್ಟರ್ ಎರಡು ಇಟ್ಟುಕೊಳ್ಳಿ. ಒಂದು ಕಳೆದೇ ಹೋಗುತ್ತದೆ.

ಹೊರೆ ಬೆನ್ನ ಮೇಲೆ ಹೊರುವುದೋ, ಕ್ಯಾರಿಯರ್ ಮೇಲೋ? ಕ್ಯಾರಿಯರ್. ಬೆನ್ನಿನ ಚೀಲದ ಎಂಟು ಕಿಲೋ ನಾಲ್ಕನೇ ಗಂಟೆಗೆ ಕುಂಡಿಗೂ ಭುಜಕ್ಕೂ ಬರುತ್ತದೆ. ನೀರು ಬಿಟ್ಟು 12 ಕಿಲೋ ಒಳಗೆ ಮುಗಿಸಿ. ಎರಡು ಪಕ್ಕದ ಚೀಲಗಳ ತೂಕದಲ್ಲಿ ಅರ್ಧ ಕಿಲೋಗಿಂತ ಹೆಚ್ಚು ವ್ಯತ್ಯಾಸ ಬೇಡ, ಭಾರದ್ದು ತಳಕ್ಕೆ. ಎಲ್ಲವನ್ನೂ ಹಿಂದೆಯೇ ಹೇರಿದರೆ ಏರಿನಲ್ಲಿ ಮುಂಗಾಲಿ ಹಗುರಾಗಿ ಹ್ಯಾಂಡಲ್ ತೂಗಾಡುತ್ತದೆ, ಹಿಂಗಾಲಿಯ ಚೈನ್ ಪಕ್ಕದ ಕಡ್ಡಿಗಳು ಮುರಿಯುತ್ತವೆ. ಹಾಸಿಗೆಯ ಸುರುಳಿಯನ್ನು ಹ್ಯಾಂಡಲಿಗೆ ಕಟ್ಟಿ. ಹಿಂಗಾಲಿಯ ಕಡ್ಡಿಗಳ ಅಳತೆಯ ಮೂರು ಬದಲಿ ಕಡ್ಡಿ ಫ್ರೇಮಿಗೆ ಟೇಪ್ ಸುತ್ತಿ ಇಟ್ಟಿರಿ.

ಮುಳ್ಳು, ಎರೆಮಣ್ಣು

ಸೈಕಲ್ ಪ್ರವಾಸವನ್ನು ಇಲ್ಲಿ ನಿಜವಾಗಿ ಕೆಡಿಸುವುದು ದೂರವಲ್ಲ, ಈ ಎರಡು.

ಜಾಲಿ ಮುಳ್ಳು ಟೈರಿಗೆ ಚುಚ್ಚಿ ಹೊರಗಿನ ಭಾಗ ಮುರಿದು ಬೀಳುತ್ತದೆ, ತುದಿ ರಬ್ಬರಿನೊಳಗೇ ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಹೊಸ ಟ್ಯೂಬ್ ಹಾಕಿ ಹತ್ತು ನಿಮಿಷಕ್ಕೆ ಮತ್ತೆ ಗಾಳಿ ಹೋಗುವುದು ಇದರಿಂದಲೇ. ಟ್ಯೂಬ್ ತೆಗೆದ ಮೇಲೆ ಹತ್ತಿಯ ಉಂಡೆಯೊಂದನ್ನು ಟೈರಿನ ಒಳಮೈಗೆ ಒತ್ತಿ ಪೂರ್ತಿ ಒಂದು ಸುತ್ತು ಎಳೆಯಿರಿ. ಮುಳ್ಳಿರುವಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ಬೆರಳಿನಿಂದ ತಡಕಿದರೆ ಮುಳ್ಳು ಬೆರಳಿಗೇ. ಸಿಕ್ಕ ಜಾಗದಲ್ಲಿ ಟೈರನ್ನು ಮಡಚಿ, ಸೇಫ್ಟಿ ಪಿನ್ನಿನಿಂದ ತುದಿ ಎಬ್ಬಿಸಿ, ಚಿಮುಟದಿಂದ ಎಳೆದು ತೆಗೆಯಿರಿ. ಆಮೇಲೆ ಇನ್ನೊಂದು ಸುತ್ತು ಹತ್ತಿ ಎಳೆಯಿರಿ, ಜಾಲಿ ಒಂದೇ ಮುಳ್ಳು ಕೊಡುವುದು ಅಪರೂಪ. ಪ್ಯಾಚ್ ಹಾಕುವಾಗ ಸಲ್ಯೂಷನ್ ಹಚ್ಚಿ ಐದು ನಿಮಿಷ ಬಿಡಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಪ್ಯಾಚ್ ಒತ್ತಿ. ಹಸಿ ಇರುವಾಗಲೇ ಅಂಟಿಸಿದ ಪ್ಯಾಚ್ ಬಿಸಿಲಿಗೆ ಜಾರುತ್ತದೆ.

ಎರಡು ಟ್ಯೂಬ್, ಎಂಟು ಪ್ಯಾಚ್, ಹೊಸ ಸಲ್ಯೂಷನ್, ಪಂಪ್, ಎರಡು ಟೈರ್ ಲಿವರ್ ಜೊತೆಗಿರಲಿ. ಒಮ್ಮೆ ತೆರೆದ ಸಲ್ಯೂಷನ್ ಟ್ಯೂಬ್ ತಿಂಗಳೊಪ್ಪತ್ತಿನಲ್ಲಿ ಒಣಗಿರುತ್ತದೆ, ನೋಡಿಕೊಳ್ಳಿ. ಟೆಂಟ್ ಜಾಗಕ್ಕೆ ಕೊನೆಯ ಐವತ್ತು ಮೀಟರ್ ಸೈಕಲ್ ನೂಕಬೇಡಿ. ಚೀಲ ಇಳಿಸಿ, ಸೈಕಲನ್ನು ಎತ್ತಿಕೊಂಡು ಹೋಗಿ. ನೆಗ್ಗಿಲು ಮುಳ್ಳೆಲ್ಲ ಇರುವುದು ಆ ಐವತ್ತು ಮೀಟರಿನಲ್ಲೇ.

ಇನ್ನು ಎರೆ. ಒಂದು ಅಡ್ಡಮಳೆ ಬಿದ್ದರೂ ಎರೆದಾರಿ ಅಂಟಾಗುತ್ತದೆ. ಹತ್ತು ಹದಿನೈದು ಮೀಟರಿನಲ್ಲಿ ಮಡ್‌ಗಾರ್ಡ್ ಒಳಗೆ ಮಣ್ಣು ಗಚ್ಚಿನಂತೆ ಕೂತು ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಬಲವಾಗಿ ತುಳಿದರೆ ಹಿಂದಿನ ಗೇರನ್ನು ಹಿಡಿದಿರುವ ಕೊಕ್ಕೆ ಮುರಿಯುತ್ತದೆ. ಇಳಿದು, ಕಡ್ಡಿಯಿಂದ ಕೆರೆದು, ಮೂರು-ನಾಲ್ಕು ಗಂಟೆ ಬಿಸಿಲು ಕಾಯುವುದೇ ದಾರಿ. ಮೋಡ ಕಟ್ಟಿದ ಸಂಜೆ ಟಾರು ರಸ್ತೆಯಿಂದ ಐನೂರು ಮೀಟರ್ ಒಳಗೆ ಎರೆಹೊಲದಲ್ಲಿ ಟೆಂಟ್ ಹಾಕಿದರೆ ಮರುದಿನ ಮಧ್ಯಾಹ್ನದವರೆಗೂ ಅಲ್ಲೇ.

ಟೆಂಟು, ಹಾಸಿಗೆ, ಊಟ

ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿಗೂ ಕಲಬುರಗಿಯ ಶಹಾಬಾದ್ ಪರಸಿಗೂ ಟೆಂಟಿನ ತೆಳು ಅಲ್ಯುಮಿನಿಯಂ ಗೂಟ ಇಳಿಯುವುದಿಲ್ಲ, ಬಾಗುತ್ತದೆ. ಬೇಸಿಗೆಯತ್ತ ಬಿರುಕು ಬಿಟ್ಟ ಎರೆಯಲ್ಲಿ ಇಳಿದರೂ ನಿಲ್ಲುವುದಿಲ್ಲ. ಹಾಗಾಗಿ ಗೂಟವಿಲ್ಲದೆಯೂ ನಿಲ್ಲುವ, ಎರಡು ಕೋಲು ಅಡ್ಡಹಾಯುವ ಗುಮ್ಮಟದ ಟೆಂಟ್ ತೆಗೆದುಕೊಳ್ಳಿ, ಎರಡೂವರೆ ಕಿಲೋ ಒಳಗಿನದು. ಹಾರ್ಡ್‌ವೇರ್ ಅಂಗಡಿಯ ಆರಿಂಚಿನ ಮೊಳೆ ಎಂಟು ಸಾಕು. ಮೊಳೆ ಇಳಿಯದಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ. ಹ್ಯಾಮಕ್ ಇಲ್ಲಿಗೆ ಹೊಂದದು. ಬೇಕಾದ ಅಂತರದಲ್ಲಿ ಎರಡು ಗಟ್ಟಿ ಮರ ಸಿಕ್ಕರೆ ಅವು ಸಾಮಾನ್ಯವಾಗಿ ಜಾಲಿಯೇ. ಎರೆಯ ಬಿರುಕುಗಳಲ್ಲಿ ಚೇಳು, ಹಾವು ಇರುತ್ತವೆ. ಟೆಂಟಿನ ಜಿಪ್ ಸದಾ ಮುಚ್ಚಿರಲಿ, ಬೂಟು ಒಳಗಿರಲಿ.

ಹೊದಿಕೆಗೆ ಕೌದಿಯೋ, ಸ್ಲೀಪಿಂಗ್ ಬ್ಯಾಗೋ? ಮನೆಯಲ್ಲಿ ಕೌದಿಯ ಮುಂದೆ ಯಾವುದೂ ಇಲ್ಲ. ಸೈಕಲ್ ಮೇಲೆ ಅದು ಎರಡು-ಮೂರು ಕಿಲೋ, ಇಬ್ಬನಿ ಹೀರಿಕೊಂಡರೆ ಇನ್ನೂ ಭಾರ, ಒಣಗಲು ಅರ್ಧ ದಿನ. ಡಿಸೆಂಬರ್‌ನಲ್ಲಿ ಬೀದರ್ ಕಡೆ ರಾತ್ರಿ ಹನ್ನೆರಡು ಡಿಗ್ರಿಗೆ ಇಳಿಯುತ್ತದೆ. 10 ಡಿಗ್ರಿಗೆ ಹಿತವಾಗುವ, ಒಂದು ಕಿಲೋ ಆಸುಪಾಸಿನ ಬ್ಯಾಗ್ ಸಾಕು. ಕೆಳಗೆ ಹಾಸಲು ಫೋಮ್ ಚಾಪೆ ಬೇಕೇ ಬೇಕು, ನೆಲದ ಚಳಿ ಮೇಲಿನ ಹೊದಿಕೆಗೆ ಬಗ್ಗುವುದಿಲ್ಲ.

ಒಲೆ ಬೇಡ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಗ್ಯಾಸ್ ಡಬ್ಬಿ ರೈಲಿನಲ್ಲಿ ಒಯ್ಯುವಂತಿಲ್ಲ, ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ನಮ್ಮ ಕಡೆಯ ಬುತ್ತಿಯೇ ಇದಕ್ಕೆ ಹೇಳಿ ಮಾಡಿಸಿದ್ದು. ಜೋಳದ ಕಡಕ್ ರೊಟ್ಟಿ ವಾರವಾದರೂ ಕೆಡದು. ಹೊತ್ತಿಗೆ ಮೂರು ರೊಟ್ಟಿಯಂತೆ ಲೆಕ್ಕ ಹಾಕಿ, ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಚೀಲದಲ್ಲಿ ಇಟ್ಟರೆ ಪುಡಿಯೇ ಉಣ್ಣಬೇಕು. ಎರಡು ದಿನಕ್ಕೆ ಶೇಂಗಾ ಹಿಂಡಿ 150 ಗ್ರಾಂ, ಬೆಲ್ಲ 200 ಗ್ರಾಂ, ಉಳ್ಳಾಗಡ್ಡಿ ನಾಲ್ಕು, ಮೊಸರು ಹಳ್ಳಿಯಲ್ಲಿ.

ಸೈಕಲ್ ತುಳಿಯುವಾಗ ಗಂಟೆಗೆ ಮುಕ್ಕಾಲು ಲೀಟರ್ ನೀರು ಬೇಕು, ರಾತ್ರಿಯ ನೆಲೆಗೆ ನಾಲ್ಕು ಲೀಟರ್. ಹಳ್ಳಿಯ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳಿ. ಫ್ಲೋರೈಡ್ ಇರುವ ಕೊಳವೆಬಾವಿ ನೀರು ಕುದಿಸಿದರೂ ಶುದ್ಧವಾಗುವುದಿಲ್ಲ.

ಹೊಲದಲ್ಲಿ ಮಲಗುವಾಗ

ಕತ್ತಲಾಗುವ ಒಂದು ಗಂಟೆ ಮೊದಲೇ ಊರೊಳಗೆ ಹೋಗಿ, ಕಟ್ಟೆಯ ಮೇಲೆ ಕೂತ ಹಿರಿಯರನ್ನು ಕೇಳಿ: "ಕಾಕಾ, ಇವತ್ತೊಂದ್ ರಾತ್ರಿ ಇಲ್ಲಿ ಟೆಂಟ್ ಹಾಕ್ಕೊಳ್ಳಲೇನ್ರಿ?" ಬಹುತೇಕ ಗುಡಿಯ ಅಂಗಳ ಅಥವಾ ಶಾಲೆಯ ಮಗ್ಗುಲು ತೋರಿಸುತ್ತಾರೆ. ಒಬ್ಬರೇ ಹೊರಟ ಹೆಣ್ಣುಮಕ್ಕಳು ಮನೆಯ ಅಕ್ಕಂದಿರನ್ನೇ ಮೊದಲು ಮಾತಾಡಿಸಿ, ಮನೆಗೆ ಹತ್ತಿದ ಅಂಗಳ ಕೇಳಿ. ಹೊಲವನ್ನೇ ತೋರಿಸಿದರೆ ಇನ್ನೊಂದು ಮಾತು ತಪ್ಪದೆ ಕೇಳಿ: ಹಂದಿಗೆ ತಂತಿ ಹಾಕಿದ್ದಾರೆಯೇ? ತೊಗರಿ, ಶೇಂಗಾ ಕಾಯಲು ಕೆಲವೆಡೆ ಬೇಲಿಗೆ ಕಳ್ಳತನದಿಂದ ಕರೆಂಟ್ ಕೊಡುತ್ತಾರೆ. ಅದು ಮನುಷ್ಯರನ್ನೂ ಕೊಂದಿದೆ. ರಾತ್ರಿ ಮೂತ್ರಕ್ಕೆ ಎದ್ದರೂ ಸಂಜೆಯ ಬೆಳಕಿನಲ್ಲಿ ನೋಡಿಟ್ಟ ಕಾಲುದಾರಿ ಬಿಡಬೇಡಿ.

ಹಾವು ಕಚ್ಚಿದರೆ ಕೊಯ್ಯಬೇಡಿ, ಹಗ್ಗ ಬಿಗಿಯಬೇಡಿ, ಓಡಬೇಡಿ. ಕಚ್ಚಿದ ಕಾಲು ಅಲ್ಲಾಡಿಸದೆ 108ಕ್ಕೆ ಕರೆ ಮಾಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಮನೆಯಲ್ಲಿ ಒಬ್ಬರಿಗೆ ದಾರಿಯ ನಕ್ಷೆ, ಉಳಿಯುವ ಊರಿನ ಹೆಸರು ಬರೆದುಕೊಟ್ಟು, ಸಂಜೆ 5ಕ್ಕೆ, ಬೆಳಿಗ್ಗೆ 7ಕ್ಕೆ ಸಂದೇಶ ಕಳಿಸುವ ಕರಾರು ಮಾಡಿ. ಸಂದೇಶ ಬಾರದಿದ್ದರೆ ಎಷ್ಟು ಗಂಟೆ ಕಾದು ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಸಿಗ್ನಲ್ ಇಲ್ಲದ ಚಂದ್ರಂಪಳ್ಳಿಗೆ ಹೊರಟಿದ್ದರೆ ಆ ಕೊನೆಯ ಸಂದೇಶವನ್ನು ಚಿಂಚೋಳಿಯಿಂದಲೇ ಕಳಿಸಿ.

ಹೊರಡುವ ವಾರ ಮೊದಲು ಪೂರ್ತಿ ಹೊರೆ ಹೇರಿ ರಿಂಗ್ ರಸ್ತೆಯಲ್ಲಿ 20 ಕಿ.ಮೀ. ತುಳಿದು ಬಂದು, ಆ ರಾತ್ರಿ ಮಾಳಿಗೆಯ ಮೇಲೆ ಟೆಂಟ್ ಹಾಕಿ ಮಲಗಿ. ಕ್ಯಾರಿಯರಿನ ಸಡಿಲ ನಟ್ಟು, ಕಡ್ಡಿಗೆ ತಾಗುವ ಚೀಲದ ಪಟ್ಟಿ, ಮರೆತುಬಂದ ಟಾರ್ಚಿನ ಸೆಲ್ಲು, ಮೂರೂ ಆ ರಾತ್ರಿಯೇ ಸಿಗುತ್ತವೆ.